ಮಗಳಿಗೊಂದು ಪತ್ರ: ಹೊಲಿಗೆಯವಳು ಹೇಳಿದ ಮಾತು

ಪ್ರೀತಿಯ ಮಗಳೇ,

ಫೋನಿನಲ್ಲಿ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಊಟವಾಯಿತೇ ಎಂದು ಕೇಳಿ ಸುಮ್ಮನಾದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ವಂಶವಾಹಿ ಪರೀಕ್ಷೆಯ ವರದಿ ಬಂದಿದೆ. ಎಂಎಸ್‌ಎಚ್2 ಎಂಬ ವಂಶವಾಹಿಯಲ್ಲಿ ದೋಷವಿದೆ. ಕೆಲವು ಬಗೆಯ ಕ್ಯಾನ್ಸರ್ ಬರುವ ಅಪಾಯ ವಂಶದಲ್ಲಿ ಇಳಿದು ಬರುವ ಈ ಸ್ಥಿತಿಯನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ನಿನಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ನನ್ನ ಆಪರೇಷನ್ನಿನ ದಿನಗಳು ನಿನಗೆ ಗೊತ್ತೇ ಇವೆ. ಅದಕ್ಕೂ ಮೊದಲು ಎರಡು ವರ್ಷ ನಾನು ಏದುಸಿರು ಬಿಡುತ್ತಿದ್ದುದೂ ಗೊತ್ತು. ಹೆಂಗಸರಿಗೆ ರಕ್ತ ಕಡಿಮೆಯಾಗುವುದು ಇದ್ದದ್ದೇ ಎಂದು ವೈದ್ಯರೊಬ್ಬರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ನಾನು ನುಂಗುತ್ತಾ ಬಂದೆ. ದೊಡ್ಡ ಕರುಳಿನ ಬಲಭಾಗದಲ್ಲಿದ್ದ ಕ್ಯಾನ್ಸರ್ ಗಡ್ಡೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣಗೆ ರಕ್ತ ಒಸರುತ್ತಿತ್ತು. ಆ ಎರಡು ವರ್ಷದ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ನಿನಗೆ ಗೊತ್ತಿಲ್ಲದ್ದು ಇದು: ತೆಗೆದ ಗಡ್ಡೆಯ ಚೂರಿಗೆ ಪ್ರಯೋಗಾಲಯದಲ್ಲಿ ಬಣ್ಣ ಹಾಕಿ ನೋಡಿದಾಗ, ಅಲ್ಲಿ ಇರಬೇಕಾಗಿದ್ದ ಒಂದು ಪ್ರೋಟೀನ್ ಇರಲಿಲ್ಲ. ಆಗಲೇ ವೈದ್ಯೆ ನನ್ನನ್ನು ಕೇಳಿದ್ದು: 'ನಿಮ್ಮ ತವರಿನಲ್ಲಿ ಯಾರು ಯಾರು, ಯಾವ ವಯಸ್ಸಿನಲ್ಲಿ, ಏನಾಗಿ ತೀರಿಕೊಂಡರು?'

ನನ್ನ ಅಮ್ಮ 47ಕ್ಕೆ ಹೋದಳು, ಗರ್ಭಕೋಶದ ಕ್ಯಾನ್ಸರ್. ಅಣ್ಣ 39ಕ್ಕೆ, ಕರುಳಿನದು. ಬೇರೆ ಬೇರೆ ರೋಗ, ಬೇರೆ ಬೇರೆ ದುರದೃಷ್ಟ ಎಂದುಕೊಂಡಿದ್ದೆವು. ಹಿರಿಯರು ನಾಗದೋಷ ಎಂದರು, ಆಶ್ಲೇಷಾ ಬಲಿ ಮಾಡಿಸಿದೆವು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅಮ್ಮನ ಕಾಯಿಲೆಯ ಹೆಸರನ್ನೇ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಗರ್ಭಕೋಶದ್ದು, ಕರುಳಿನದು, ಈ ಎರಡೂ ಕ್ಯಾನ್ಸರ್ ಒಂದೇ ದಾರದ ಎರಡು ತುದಿ ಎಂದು ಮೊದಲು ಸುಳಿವು ಕೊಟ್ಟವಳು ಒಬ್ಬ ಹೊಲಿಗೆಯವಳು. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಆಕೆ ತನ್ನ ಮನೆಯವರಲ್ಲಿ ಬಹಳ ಮಂದಿ ಕರುಳಿನ ಅಥವಾ ಹೆಣ್ಣಿನ ಅಂಗಗಳ ಕ್ಯಾನ್ಸರಿನಿಂದ ಸತ್ತಿದ್ದಾರೆ, ತಾನೂ ಹಾಗೆಯೇ ಬೇಗ ಸಾಯುತ್ತೇನೆ ಎಂದಳು. ವಾರ್ಥಿನ್ ಅದನ್ನು ತಳ್ಳಿಹಾಕದೆ ಆ ಕುಟುಂಬದ ವಂಶಾವಳಿ ಬರೆಯಲು ಕುಳಿತು, 1913ರಲ್ಲಿ ಪ್ರಕಟಿಸಿದರು. ಆಕೆ ತಾನು ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಬ್ಲೌಸ್ ಹೊಲಿಯುತ್ತಾ ನಿನ್ನನ್ನು ಓದಿಸಿದವಳು ನಾನು. ಆ ಹೆಣ್ಣುಮಗಳನ್ನು ನೆನೆದರೆ ಯಂತ್ರದ ಮೇಲೆ ಕಾಲು ನಿಂತುಬಿಡುತ್ತದೆ.

1960ರ ದಶಕದಲ್ಲಿ ನೆಬ್ರಾಸ್ಕದ ಹೆನ್ರಿ ಲಿಂಚ್ ಎಂಬ ವೈದ್ಯರಿಗೆ ಇಂಥದೇ ಮಾತು ಹೇಳಿದ ರೋಗಿ ಸಿಕ್ಕಿದ. ಕ್ಯಾನ್ಸರ್ ವಂಶದಲ್ಲಿ ಇಳಿದು ಬರುತ್ತದೆಂದು ಆಗ ನಂಬುವವರು ಕಡಿಮೆ. ಲಿಂಚ್ ಬಿಡಲಿಲ್ಲ. ವಾರ್ಥಿನ್ ಬಿಟ್ಟುಹೋದ ಕಡತವನ್ನೂ ತಾವೇ ಮುಂದುವರಿಸಿದರು. 1993ರಲ್ಲಿ ಎಂಎಸ್‌ಎಚ್2 ವಂಶವಾಹಿ ಪತ್ತೆಯಾಯಿತು. ಆ ಹೊಲಿಗೆಯವಳ ವಂಶದಲ್ಲಿ ದೋಷವಿದ್ದದ್ದೂ ಅದರಲ್ಲೇ ಎಂದು 2000ದಲ್ಲಿ ತಿಳಿಯಿತು. ಆಕೆಯ ಮಾತಿಗೆ ಉತ್ತರ ಸಿಗಲು 105 ವರ್ಷ ಬೇಕಾಯಿತು.

ಆ ವಂಶವಾಹಿಯ ಕೆಲಸವೇನೆಂದು ನನಗೆ ಅರ್ಥವಾದದ್ದು ಹೀಗೆ. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಹೊಲಿಗೆ ತಪ್ಪುತ್ತದೆ. ಹಿಂದೆಯೇ ಬರುವ ಪ್ರೋಟೀನುಗಳು ತಪ್ಪಿದ ಹೊಲಿಗೆ ಬಿಚ್ಚಿ ಸರಿಮಾಡುತ್ತವೆ. ಪಾಲ್ ಮಾಡ್ರಿಚ್ ಎಂಬ ವಿಜ್ಞಾನಿ ಇದನ್ನು ಬಿಡಿಸಿ ನೋಡಿದ್ದು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ, ನಮ್ಮ ಕರುಳಿನಲ್ಲೇ ಮನೆಮಾಡಿಕೊಂಡಿರುವ ಆ ಪುಟ್ಟ ಜೀವಿಯಲ್ಲಿ! 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಹೊಲಿಗೆ ಬಿಚ್ಚುವವರಿಲ್ಲದಿದ್ದರೆ ತಪ್ಪುಗಳು ಗುಡ್ಡೆಯಾಗುತ್ತವೆ. ಸಾಮಾನ್ಯವಾಗಿ ಕರುಳಿನ ಒಳಗೋಡೆಯಲ್ಲಿ ಏಳುವ ಒಂದು ಸಣ್ಣ ಗಂಟು, ಅಂದರೆ ಪಾಲಿಪ್, ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ಹಿಡಿದರೆ, ನಮ್ಮಂಥವರಲ್ಲಿ ಎರಡು ಮೂರು ವರ್ಷವೇ ಸಾಕು.

ಆದ್ದರಿಂದಲೇ ಪದೇ ಪದೇ ನೋಡಿಸಿಕೊಳ್ಳಬೇಕು. ಫಿನ್ಲೆಂಡಿನಲ್ಲಿ ಇಂಥ ಕುಟುಂಬಗಳ 252 ಜನರನ್ನು 15 ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕರುಳಿನ ತಪಾಸಣೆ ಮಾಡಿಸಿಕೊಂಡ 133 ಜನರಲ್ಲಿ 8 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು, ಅದರಿಂದ ಯಾರೂ ಸಾಯಲಿಲ್ಲ. ಮಾಡಿಸಿಕೊಳ್ಳದ 119 ಜನರಲ್ಲಿ 19 ಮಂದಿಗೆ ಬಂತು, 9 ಮಂದಿ ಸತ್ತರು. ಈ ಸಾಲನ್ನು ಎಷ್ಟು ಸಲ ಓದಿದೆನೋ! ಅಣ್ಣನ ಮುಖ ಆ ಒಂಬತ್ತರಲ್ಲಿ ಕಂಡಿತು. ಈಗ ಒಂದೆರಡು ವರ್ಷಕ್ಕೊಮ್ಮೆ ನೋಡಬೇಕೆನ್ನುತ್ತಾರೆ, ಅದೂ ಇಪ್ಪತ್ತರಿಂದ ಇಪ್ಪತ್ತೈದರೊಳಗೆ ಶುರುಮಾಡಿ. ಇಂಗ್ಲೆಂಡಿನ ಜಾನ್ ಬರ್ನ್ ನೇತೃತ್ವದ ಅಧ್ಯಯನದಲ್ಲಿ ಆಸ್ಪಿರಿನ್ ಕೂಡ ನೆರವಾಗಿದೆ. 861 ಜನರಲ್ಲಿ ಅದನ್ನು ನುಂಗಿದವರ ಪೈಕಿ 40 ಮಂದಿಗೆ, ಹುಸಿ ಮಾತ್ರೆ ನುಂಗಿದವರ ಪೈಕಿ 58 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು. ಆದರೆ ನೀನಾಗಿಯೇ ಅದನ್ನು ತೆಗೆದುಕೊಳ್ಳಬೇಡ, ವೈದ್ಯರನ್ನು ಕೇಳು.

ನಿನ್ನ ಪರೀಕ್ಷೆಗೆ ಒಂದು ಸಲ ರಕ್ತ ಕೊಟ್ಟರಾಯಿತು. ನನ್ನ ದೋಷ ಎಲ್ಲಿದೆಯೆಂದು ಗೊತ್ತಿರುವುದರಿಂದ ಅದೊಂದನ್ನೇ ಹುಡುಕುತ್ತಾರೆ. ಇಲ್ಲವೆಂದು ಬಂದರೆ ನಿನ್ನ ಮಕ್ಕಳಿಗೂ ನನ್ನಿಂದ ಇದು ದಾಟುವುದಿಲ್ಲ. ಇದೆಯೆಂದು ಬಂದರೂ ರೋಗ ಬಂದೇ ಬರುತ್ತದೆ ಎಂದಲ್ಲ. ಗಂಡಿನ ಕಡೆಯವರಿಗೆ ಏನು ಹೇಳುವುದೆಂದು ನಿನ್ನ ಅಪ್ಪ ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ ಎಂದೆ. ಅಮ್ಮನ ವಿಷಯ ಮುಚ್ಚಿಟ್ಟು ನಾವು ಅಣ್ಣನನ್ನು ಕಳೆದುಕೊಂಡೆವು.

ಇದರೊಳಗೆ ಒಂದು ಹಾಳೆ ಇಟ್ಟಿದ್ದೇನೆ, ನಮ್ಮ ವಂಶಾವಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ರೋಗ ಬಂದವರಿಗೆ ಕಪ್ಪು ತುಂಬಿದ್ದೇನೆ. ನಿನ್ನ ವೃತ್ತ ಖಾಲಿ ಇದೆ. ಅಣ್ಣನ ಇಬ್ಬರು ಗಂಡುಮಕ್ಕಳ ಚೌಕಗಳೂ ಖಾಲಿ. ಅವರಿಗೆ ಇನ್ನೂ ಯಾರೂ ಏನೂ ಹೇಳಿಲ್ಲ. ಅವರು ನಿನ್ನ ಮಾತು ಕೇಳುತ್ತಾರೆ. ಈ ಹಾಳೆಯ ಇನ್ನೊಂದು ಪ್ರತಿ ಮಾಡಿಸಿ, ಭಾನುವಾರ ಅವರ ಮನೆಗೆ ಹೋಗಿ ಬಾ.

ನಿನ್ನ,
ಅಮ್ಮ