ಚೆಕ್ ಕಲಿಯುವವರು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಲಿ

ಸಂಪಾದಕರಿಗೆ ನಮಸ್ಕಾರ.

2024ರ ನವೆಂಬರ್‌ನಲ್ಲಿ ನೀರಜ್ ಚೋಪ್ರಾ ಅವರಿಗೆ ಚೆಕ್ ದೇಶದ ಜಾವೆಲಿನ್ ದಿಗ್ಗಜರೊಬ್ಬರು ಕೋಚ್ ಆದರು. ಆಗಿನಿಂದ ಕನ್ನಡದಲ್ಲಿ ಅವರ ಹೆಸರು ಒಮ್ಮೆ ಜಾನ್ ಜೆಲೆಜ್ನಿ, ಇನ್ನೊಮ್ಮೆ ಮತ್ತೇನೋ ಆಗಿ ಅಚ್ಚಾಗುತ್ತಿದೆ. 1992, 1996, 2000ರ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರು, 1996ರಲ್ಲಿ 98.48 ಮೀಟರ್ ಎಸೆದು ವಿಶ್ವದಾಖಲೆ ಮಾಡಿದವರು. ಅವರ ಹೆಸರು ಯಾನ್ ಝೆಲೆಝ್ನೀ. ಇಷ್ಟನ್ನು ಬರೆಯಲು ಕನ್ನಡದಲ್ಲಿ ಅಕ್ಷರ ಇದೆ. ಆದರೂ ನಾವು ಇಂಗ್ಲಿಷ್ ಕಾಗುಣಿತ ನೋಡಿ, ಅದನ್ನು ಇಂಗ್ಲಿಷ್‌ನಂತೆ ಓದಿ, ಆಮೇಲೆ ಕನ್ನಡಕ್ಕೆ ತರುತ್ತೇವೆ.

ಹೆಸರು ಬರೆಯುವಾಗ ಆಗುವ ಇದೇ ತೊಂದರೆ ಚೆಕ್ ಭಾಷೆ ಕಲಿಯುವವರಿಗೂ ಆಗುತ್ತಿದೆ. ಅದನ್ನು ಹೇಳಲೆಂದೇ ಈ ಪತ್ರ.

ನಾನಿರುವುದು ಬ್ರನೊದಲ್ಲಿ. ಪ್ರಾಗ್ ಬಿಟ್ಟರೆ ಚೆಕ್ ದೇಶದ ದೊಡ್ಡ ಊರು ಇದೇ. ಕೆಲಸಕ್ಕೆ, ಓದಿಗೆ ಬರುವ ಕನ್ನಡದ ಹುಡುಗ ಹುಡುಗಿಯರು ಮೊದಲು ಕೇಳುವುದು, ನಮಸ್ಕಾರ ಹೇಗೆ ಹೇಳೋದು ಅಂತ. ಹೇಳಿಕೊಟ್ಟರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಮರುದಿನ ಅದನ್ನು ನೋಡಿ 'ಡೋಬ್ರಿ ಡೆನ್' ಎನ್ನುತ್ತಾರೆ. ಅದು ದೊಬ್ರೀ ದೆನ್. ದೊ ಹ್ರಸ್ವ, ಬ್ರೀ ದೀರ್ಘ, ದ ನಮ್ಮ ದನದ ದ. ಕನ್ನಡದಲ್ಲೇ ಬರೆದುಕೊಂಡಿದ್ದರೆ ತಪ್ಪುವ ಸಂದರ್ಭವೇ ಇರಲಿಲ್ಲ, ಅಲ್ವಾ?

ಚೆಕ್ ತುಂಬಾ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ವ್ಯಾಕರಣ ಕಷ್ಟವೇ, ಅದರಲ್ಲಿ ಎರಡು ಮಾತಿಲ್ಲ. ಉಚ್ಚಾರಣೆ ಮಾತ್ರ ನಮಗೆ ಇಂಗ್ಲಿಷ್‌ನವರಿಗಿಂತ ಎಷ್ಟೋ ಸಲೀಸು. ಅವರ ತ, ದ ನಮ್ಮವೇ. ಕ, ಪ ಕೂಡ ಉಸಿರಿಲ್ಲದೆ ನಮ್ಮ ಹಾಗೇ ಬರುತ್ತವೆ. ರ ನಮ್ಮಂತೆಯೇ ನಾಲಿಗೆ ತುದಿಯಲ್ಲಿ ಕಂಪಿಸುತ್ತದೆ. ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ. ಇದನ್ನು ಹಿಂದಿಯವರಿಗೆ ದೇವನಾಗರಿಯಲ್ಲಿ ಬರೆದು ತೋರಿಸುವುದೇ ಕಷ್ಟ, ನಾವು ಒಂದನೇ ಕ್ಲಾಸಿನಲ್ಲೇ ಕಲಿತಿರುತ್ತೇವೆ. ಞ ಅಕ್ಷರ ಕನ್ನಡದಲ್ಲಿ ಸುಮ್ನೆ ಕೂತಿದೆ ಅನ್ನುವವರು ಇಲ್ಲಿ ಕ್ಷಮೆ ಕೇಳುವ 'ಪ್ರೊಮಿಞ್ತೆ' ಕೇಳಬೇಕು, ಅದೇ ಸದ್ದು.

ಒತ್ತು ಯಾವಾಗಲೂ ಪದದ ಮೊದಲ ಭಾಗದ ಮೇಲೆ. ಆದರೆ ಒತ್ತು ಬಿತ್ತು ಅಂತ ಅದನ್ನು ಎಳೆಯಬಾರದು. ದೊಬ್ರೀಯಲ್ಲಿ ಒತ್ತು ದೊ ಮೇಲೆ, ಎಳೆತ ಬ್ರೀ ಮೇಲೆ. ಇಂಗ್ಲಿಷ್ ಅಭ್ಯಾಸ ಜಾಸ್ತಿ ಇರುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಎಳೆತ ತಪ್ಪಿದರೆ ಅರ್ಥವೂ ತಪ್ಪುತ್ತದೆ, 'ಬಿತ್' ಅಂದರೆ ಮನೆ, ಫ್ಲಾಟ್. 'ಬೀತ್' ಅಂದರೆ ಇರುವುದು. ಎಲ್ಲಿ ಎಳೆಯಬೇಕು ಅಂತ ತೋರಿಸಲು ಚೆಕ್ ಬರಹದಲ್ಲಿ ಸ್ವರದ ಮೇಲೆ ಚಾರ್ಕ ಎಂಬ ಗೀಟು ಇರುತ್ತದೆ, ಅದು ನಮ್ಮ ದೀರ್ಘ. ವ್ಯಂಜನದ ಮೇಲಿನ ಚಿಕ್ಕ ಕೊಕ್ಕೆ ಹಾಚೆಕ್. ಅದು ಸ ಅನ್ನು ಶ ಮಾಡುತ್ತದೆ, ತ್ಸ ಅನ್ನು ಚ ಮಾಡುತ್ತದೆ. ಹೀಗೆ ಅಕ್ಷರದ ಮೇಲೆ ಗುರುತು ಹಾಕುವ ಕ್ರಮಕ್ಕೆ ದಾರಿ ತೋರಿಸಿದ 15ನೇ ಶತಮಾನದ ಬರಹವೊಂದನ್ನು ಚೆಕ್ ಧರ್ಮಸುಧಾರಕ ಯಾನ್ ಹುಸ್ ಅವರದೆಂದು ಹೇಳುತ್ತಾರೆ. 1415ರ ಜುಲೈ 6ರಂದು ಧರ್ಮದ್ರೋಹದ ಆರೋಪ ಹೊರಿಸಿ ಸುಟ್ಟುಹಾಕಿದರಲ್ಲ, ಅದೇ ಹುಸ್. ಆ ದಿನ ಇಲ್ಲಿ ಇಂದಿಗೂ ಸರ್ಕಾರಿ ರಜೆ. ಅಷ್ಟು ಯೋಚಿಸಿ ಹಾಕಿದ ಗುರುತುಗಳನ್ನು ನಾವು ಇಂಗ್ಲಿಷ್ ಕೀಬೋರ್ಡಿನಲ್ಲಿ ಪೂರ್ತಿ ಅಳಿಸಿಬಿಡುತ್ತೇವೆ, ಆಮೇಲೆ ಭಾಷೆ ಕಷ್ಟ ಅನ್ನುತ್ತೇವೆ.

ಕನ್ನಡಿಗರು ಎಚ್ಚರ ವಹಿಸಬೇಕಾದ ಜಾಗಗಳೂ ಇವೆ. ಪದದ ಕೊನೆಗೆ ಉ ಸೇರಿಸಬೇಡಿ, 'ದೆನ್ನು' ಅಲ್ಲ, ದೆನ್. ಶುರುವಿನ ಒ ಅನ್ನು ನಾವು ಮಾತಿನಲ್ಲಿ 'ವೊ' ಮಾಡುತ್ತೇವೆ. ಕಿಟಕಿಗೆ ಚೆಕ್‌ನಲ್ಲಿ 'ಒಕ್ನೊ', ನಾವು 'ವೊಕ್ನೊ' ಅಂದುಬಿಡುತ್ತೇವೆ. ಖುಷಿಯ ವಿಷಯ ಏನಂದರೆ ಪ್ರಾಗ್ ಕಡೆಯ ಜನರೂ ಆಡುಮಾತಿನಲ್ಲಿ 'ವೊಕ್ನೊ' ಅಂತಲೇ ಹೇಳುತ್ತಾರೆ! ಇನ್ನು ಬ್ರನೊ ಎಂಬ ಹೆಸರೇ ಒಂದು ಪಾಠ. ಅದು ನಿಜವಾಗಿ ಬ್ರ್-ನೊ, ನಡುವೆ ಸ್ವರವೇ ಇಲ್ಲ, ರ್ ಒಂದೇ ಸ್ವರದ ಕೆಲಸ ಮಾಡುತ್ತದೆ. ಬೆರಳಿಗೆ 'ಪ್ರ್ಸ್ತ್', ತೋಳಕ್ಕೆ 'ವ್ಲ್ಕ್'. ಗಂಟಲಲ್ಲಿ ಉಜ್ಜಿಕೊಂಡು ಬರುವ ಒಂದು ಖ ಇದೆ, ಬೀದರ್, ಕಲಬುರಗಿ ಕಡೆ ಉರ್ದು ಕೇಳಿ ಬೆಳೆದವರಿಗೆ 'ಖಬರ್' ಪದದ ಆ ಖ ತಾನಾಗಿ ಬರುತ್ತದೆ.

ನಿಜವಾಗಿ ಕಷ್ಟದ್ದು ಒಂದೇ, ರ ಮೇಲೆ ಹಾಚೆಕ್ ಇರುವ ಅಕ್ಷರ. ಸಂಗೀತಗಾರ ದ್ವೊರ್ಝಾಕ್ ಹೆಸರಿನಲ್ಲಿ ಇರುವುದು ಅದೇ. ರ, ಝ ಎರಡನ್ನೂ ಒಂದರ ಹಿಂದೆ ಒಂದು ಹೇಳಿದರೆ ಆಗುವುದಿಲ್ಲ. ಹಲ್ಲು ಹತ್ತಿರ ತಂದು, ರ ಕಂಪಿಸುತ್ತಿರುವಾಗಲೇ ಗಾಳಿ ಬಿಡಬೇಕು. 'ತ್ರ್ಶಿ' ಅಂದರೆ ಮೂರು, ಅಲ್ಲಿ ತ ಜೊತೆ ಸೇರಿ ಅದು ಶ ಕಡೆಗೆ ವಾಲುತ್ತದೆ. ಇಲ್ಲಿನ ಮಕ್ಕಳಿಗೂ ಈ ಸದ್ದು ಕೊನೆಗೆ ಬರುತ್ತದೆ, ಕೆಲವರನ್ನು ಮಾತಿನ ತಜ್ಞರ ಬಳಿ ಕರೆದೊಯ್ಯುತ್ತಾರೆ. ಹಾಗಾಗಿ ಬರಲಿಲ್ಲ ಅಂತ ಕೈಬಿಡಬೇಡಿ. ಟ್ರಾಮಿನಲ್ಲಿ ಮುಂದಿನ ನಿಲ್ದಾಣ ಹೇಳುವಾಗ 'ಪ್ರ್ಶೀಶ್ತ್ಯೀ ಜಸ್ತಾವ್ಕ' ಅಂತ ಬರುತ್ತದೆ, ಪ್ರತಿ ನಿಲ್ದಾಣಕ್ಕೂ ಅದೇ ಸದ್ದು. ಇಯರ್‌ಫೋನ್ ತೆಗೆದಿಟ್ಟು ಕೇಳಿ, ಜೊತೆಗೆ ಹೇಳಿ.

ಯಾರಿಗೆ ಏನು ಹೇಳಬೇಕು ಅನ್ನುವುದು ನಮಗಂತೂ ತೀರಾ ಸುಲಭ. ನೀವು ಅನ್ನುವವರಿಗೆ ದೊಬ್ರೀ ದೆನ್, ನೀನು ಅನ್ನುವವರಿಗೆ ಅಹೊಯ್ ಅಥವಾ ಚೌ. ಚೆಕ್‌ನಲ್ಲೂ 'ತಿ' ಮತ್ತು 'ವಿ' ಅಂತ ನೀನು, ನೀವು ಬೇರೆ ಬೇರೆ ಇವೆ. ಅಂಗಡಿಯ ಹಿರಿಯರಿಗೆ ಅಹೊಯ್ ಅಂದರೆ ಚೆನ್ನಾಗಿರುವುದಿಲ್ಲ. ಬೆಳಗ್ಗೆ ದೊಬ್ರೇ ರಾನೊ, ಸಂಜೆ ದೊಬ್ರೀ ವೆಚೆರ್, ಮಲಗುವಾಗ ದೊಬ್ರೊಉ ನೊತ್ಸ್. ಹೊರಡುವಾಗ ನಸ್‌ಖ್ಲೆದನೊಉ, ಅದರ ಕಾಗುಣಿತದಲ್ಲಿ ಎಸ್, ಎಚ್ ಅಕ್ಕಪಕ್ಕ ಇವೆ ಅಂತ ಶ ಮಾಡಬಾರದು. ಬ್ರನೊ ಕಡೆ ಅದೇ ಜಾಗದಲ್ಲಿ ಜ್, ಹ್ ಕೇಳಿಸುತ್ತದೆ, ಎರಡೂ ಸರಿ. ಧನ್ಯವಾದಕ್ಕೆ ದ್ಯೆಕುಯಿ. ಹೌದು ಅನ್ನಲು ಅನೊ, ಜನ ಅದನ್ನು ಮೊಟಕು ಮಾಡಿ 'ನೊ, ನೊ' ಅನ್ನುತ್ತಾರೆ, ಬೇಡ ಅಂದರು ಅಂದುಕೊಂಡು ಎದ್ದು ಬರಬೇಡಿ.

ಇಲ್ಲಿ ಲಿಫ್ಟ್ ಹತ್ತಿದರೂ, ಡಾಕ್ಟರ ಕ್ಲಿನಿಕ್‌ನಲ್ಲಿ ಕಾಯುವ ಕೋಣೆಗೆ ಹೋದರೂ ಅಪರಿಚಿತರಿಗೆ ದೊಬ್ರೀ ದೆನ್ ಹೇಳುತ್ತಾರೆ. ನಮ್ಮವರು ಸುಮ್ನೆ ನಕ್ಕು ತಲೆಯಾಡಿಸುತ್ತಾರೆ. ನಮ್ಮೂರಲ್ಲಿ ಅಷ್ಟು ಸಾಕು, ಇಲ್ಲಿ ಬಾಯಿಬಿಟ್ಟು ಹೇಳಬೇಕು. 'ಚೆಕ್ ಜನ ಮುಖ ಕೊಟ್ಟು ಮಾತಾಡುವುದಿಲ್ಲ' ಅನ್ನುವ ದೂರು ನಮ್ಮವರಿಂದ ಎಷ್ಟೋ ಸಲ ಕೇಳಿದ್ದೇನೆ. ಒಳಗೆ ಬರುವಾಗ ಒಂದು ದೊಬ್ರೀ ದೆನ್, ಹೋಗುವಾಗ ಒಂದು ನಸ್‌ಖ್ಲೆದನೊಉ ಹೇಳಲು ಶುರು ಮಾಡಿದವರು ಆ ದೂರು ಹೇಳುವುದಿಲ್ಲ.

ಓದಲು ಬರುವವರು ಇನ್ನೊಂದು ವಿಷಯ ತಿಳಿದಿರಲಿ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಚೆಕ್ ಭಾಷೆಯಲ್ಲೇ ಓದಿದರೆ ಯಾವ ದೇಶದವರಿಗೂ ಬೋಧನಾ ಶುಲ್ಕ ಇಲ್ಲ, ಇಂಗ್ಲಿಷ್ ಕೋರ್ಸಿಗೆ ದುಡ್ಡು ಕಟ್ಟಬೇಕು. ಕಾಯಂ ವಾಸದ ಪರವಾನಗಿಗೆ ಬೇಕಾದ ಭಾಷಾ ಪರೀಕ್ಷೆ 2021ರ ಸೆಪ್ಟೆಂಬರ್‌ನಿಂದ ತೀರಾ ಆರಂಭದ ಎ1 ಬದಲು ಅದರ ಮುಂದಿನ ಎ2 ಮಟ್ಟಕ್ಕೆ ಏರಿದೆ. ಬಂದ ಮೇಲೆ ನೋಡೋಣ ಅನ್ನುವುದಕ್ಕಿಂತ ಊರಲ್ಲಿರುವಾಗಲೇ ಶುರು ಮಾಡುವುದು ಒಳ್ಳೆಯದು. ಪ್ರಾಗ್‌ನ ಕಮಿಲ್ ಜ್ವೆಲೆಬಿಲ್ ಅವರು ತಮಿಳು ಕಲಿತು, ನೀಲಗಿರಿಯ ಇರುಳರ ಭಾಷೆಯವರೆಗೂ ಹೋಗಿ ದ್ರಾವಿಡ ಭಾಷೆಗಳ ಬಗ್ಗೆ ಬರೆದರು. ಅವರಿಗೆ ನಮ್ಮ ಕಡೆಯ ಳ, ಣ ಬಂದಮೇಲೆ ನಮಗೆ ಅವರ ಸದ್ದುಗಳು ಬಾರದೆ ಇರುತ್ತವೆಯೇ?

ನನ್ನ ಕೋರಿಕೆ ಎರಡು. ಶಿಕ್ಷಣದ ಪುಟದಲ್ಲಿ ಬೇರೆ ದೇಶಕ್ಕೆ ಹೊರಟವರಿಗಾಗಿ ಆಯಾ ಭಾಷೆಯ ನಾಲ್ಕಾರು ಮಾತುಗಳನ್ನು ಕನ್ನಡ ಅಕ್ಷರದಲ್ಲಿ, ಹ್ರಸ್ವ ದೀರ್ಘ ಸರಿಯಾಗಿ ಹಾಕಿ ಕೊಡಿ. ಕ್ರೀಡಾ ಪುಟದವರು ಚೆಕ್ ಹೆಸರುಗಳದ್ದೊಂದು ಪಟ್ಟಿ ಮಾಡಿಟ್ಟುಕೊಳ್ಳಲಿ. 2024ರ ವಿಂಬಲ್ಡನ್ ಗೆದ್ದ, ಇದೇ ಬ್ರನೊದಲ್ಲಿ ಹುಟ್ಟಿದ ಬಾರ್ಬೊರ ಕ್ರೆಯ್ಚೀಕೊವಾ ಅವರಿಂದಲೇ ಶುರು ಮಾಡಬಹುದು. ಪಟ್ಟಿ ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ,
ಬ್ರನೊ, ಚೆಕ್ ಗಣರಾಜ್ಯ