ನಂಬರ್ ಒನ್ ಊರು ಯಾವ್ದು ಅಂತ ಕೇಳಿದ್ಯಲ್ಲ ಪುಟ್ಟಿ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಬೆಳೆಗಳ ಬೆಲೆ ಬಗ್ಗೆ ಓದೋಕೆ ಎರಡು ಕಡೆ ಸೀಟು ಸಿಕ್ಕಿದೆ, ಒಂದು ನ್ಯೂಯಾರ್ಕಲ್ಲಿ ಸ್ಕಾಲರ್‌ಶಿಪ್ ಇಲ್ದೆ, ಇನ್ನೊಂದು ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ ಅಸಿಸ್ಟೆಂಟ್‌ಶಿಪ್ (ಯೂನಿವರ್ಸಿಟಿಯಲ್ಲೇ ಕೆಲಸ ಮಾಡಿ ಸಂಬಳ ತಗೊಳ್ಳೋದು) ಜೊತೆ, ಯಾವ್ದಕ್ಕೆ ಹೂಂ ಅನ್ಲಿ ಅಂತ ಕೇಳಿದ್ಯ. ಜೊತೆಗೆ ಪ್ರಪಂಚದ ಮೇಲೆ ಜಾಸ್ತಿ ಪ್ರಭಾವ ಇರೋ ಅಮೆರಿಕಾದ ಸಿಟಿಗಳು ಅಂತ ಒಂದು ಲಿಸ್ಟೂ ಕಳ್ಸಿದ್ಯ, ಅದ್ರಲ್ಲಿ ನ್ಯೂಯಾರ್ಕ್ ಫಸ್ಟು, ಅರ್ಬಾನಾ ಹೆಸರೇ ಇಲ್ಲ, ಹಾಗಾಗಿ ನ್ಯೂಯಾರ್ಕೇ ಸರಿ ಅಲ್ವ ಅತ್ತೆ ಅಂತ ಉತ್ತರಾನೂ ನೀನೇ ಬರ್ದಿದ್ಯ. ಫೋನಲ್ಲಿ ಹೇಳಿದ್ರೆ ಅರ್ಧ ಕೇಳಿ ಅರ್ಧ ಬಿಡ್ತೀಯ, ಅದಕ್ಕೇ ಕೂತು ಬರೀತಿದ್ದೀನಿ, ಉದ್ದ ಆಗುತ್ತೆ, ಪೂರ್ತಿ ಓದು.

ಮೊದ್ಲು ಆ ಲಿಸ್ಟುಗಳ ವಿಷ್ಯ. ಇಂಥವನ್ನ ಮಾಡೋರು ಏನು ಎಣಿಸ್ತಾರೆ ಅಂತ ನೋಡ್ಬೇಕು. ಇಂಗ್ಲೆಂಡಿನ ಲಫ್ಬರೋ ಯೂನಿವರ್ಸಿಟಿಯಲ್ಲಿ ಶುರುವಾದ ಒಂದು ಪಟ್ಟಿ ಇದೆ, ತುಂಬಾ ಜನ ಅದನ್ನೇ ಹಿಡ್ಕೊಂಡು ಮಾತಾಡ್ತಾರೆ, ಅದ್ರಲ್ಲಿ ನ್ಯೂಯಾರ್ಕ್ ಮತ್ತೆ ಲಂಡನ್ ಯಾವಾಗ್ಲೂ ತುತ್ತತುದೀಲಿ. ಅವರು ಎಣಿಸೋದು ದೊಡ್ಡ ಆಡಿಟ್ ಕಂಪನಿ, ಜಾಹೀರಾತು ಕಂಪನಿ, ಬ್ಯಾಂಕು, ಲಾಯರ್ ಕಂಪನಿಗಳ ಆಫೀಸು ಯಾವ ಊರಲ್ಲಿ ಎಷ್ಟಿದೆ, ಒಂದಕ್ಕೊಂದು ಹೇಗೆ ಜೋಡಿಸ್ಕೊಂಡಿದೆ ಅನ್ನೋದನ್ನ. ಆ ಲೆಕ್ಕ ತಪ್ಪು ಅಂತಲ್ಲ, ಅದಕ್ಕೂ ಬೆಲೆ ಇದೆ. ಆದ್ರೆ ಆ ಲೆಕ್ಕದಲ್ಲಿ ರಾಜಧಾನಿ ವಾಷಿಂಗ್ಟನ್ನೇ ನ್ಯೂಯಾರ್ಕಿಗಿಂತ ಎಷ್ಟೋ ಕೆಳಗೆ ಬರುತ್ತೆ, ಅಷ್ಟರಲ್ಲೇ ಗೊತ್ತಾಗ್ಬೇಕು ನಿಂಗೆ ಅದು ಅಳೀತಿರೋದು ಒಂದು ಥರದ ಪ್ರಭಾವವನ್ನ ಮಾತ್ರ ಅಂತ. ನಾನು ಹೇಳೋದು ಇಷ್ಟೇ, ಯಾವ ಊರು ದೊಡ್ಡದು ಅಂತ ಕೇಳ್ಬೇಡ, ನಮ್ಮ ಮನೆ ಮೇಲೆ ಬಂದು ಬೀಳೋ ಯಾವ ತೀರ್ಮಾನ ಯಾವ ಊರಲ್ಲಿ ಆಗುತ್ತೆ ಅಂತ ಕೇಳು.

ನಮ್ಮ ತೋಟವನ್ನೇ ತಗೋ. ನೀನು ಹುಟ್ಟೋ ಹೊತ್ತಿಗೆ ಮೂಡಿಗೆರೆ ಕಡೆ ಬೆಳಗಾದ್ರೆ ಎಲ್ರೂ ಕೇಳೋದು ಒಂದೇ, ನ್ಯೂಯಾರ್ಕ್ ಎಷ್ಟಿದೆ, ಲಂಡನ್ ಎಷ್ಟಿದೆ. ಅರೇಬಿಕಾಗೆ ನ್ಯೂಯಾರ್ಕ್ ಟರ್ಮಿನಲ್, ಅಂದ್ರೆ ಅಲ್ಲಿನ ಎಕ್ಸ್‌ಚೇಂಜಿನ ರೇಟು, ರೊಬಸ್ಟಾಗೆ ಲಂಡನ್. ನಿಮ್ಮ ಅಜ್ಜನ ಕಾಲದಲ್ಲಿ ಹೀಗಿರ್ಲಿಲ್ಲ, ಬೆಳೆದ ಕಾಫಿ ಪೂರ್ತಿ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ, ಅಂದ್ರೆ ಎಲ್ರದ್ದೂ ಒಟ್ಟು ಸೇರಿಸಿ ಮಾರೋ ವ್ಯವಸ್ಥೆಗೆ ಕೊಡ್ಬೇಕಿತ್ತು, ದುಡ್ಡು ಕಂತು ಕಂತಾಗಿ ಬರೋದು, ಅಜ್ಜ ಬೋರ್ಡನ್ನ ಬೈಕೊಂಡೇ ಕಾಯೋರು. 1992ರಿಂದ ಸ್ವಲ್ಪ ಸ್ವಲ್ಪವಾಗಿ ಸಡಿಲ ಮಾಡಿ 1996ರ ಹೊತ್ತಿಗೆ ಪೂಲ್ ಪದ್ಧತಿ ಪೂರ್ತಿ ತೆಗೆದ್ರು, ಆಮೇಲೆ ನ್ಯೂಯಾರ್ಕಿನ ರೇಟು ಸೀದಾ ನಮ್ಮ ಕಣಕ್ಕೇ ಬಂತು. 2001ರಲ್ಲಿ ಅಲ್ಲಿ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಹೋದಾಗ ನಮ್ಮ ಕಡೆ ಎಷ್ಟು ಮನೆಗಳು ಕಷ್ಟಕ್ಕೆ ಬಿದ್ವು ಅನ್ನೋದು ನಿಮ್ಮಪ್ಪನಿಗೆ ಚೆನ್ನಾಗಿ ನೆನಪಿದೆ, ಕೇಳು. ಅದೇ ರೇಟು 2024ರ ಡಿಸೆಂಬರಲ್ಲಿ 1977ರ ಹಳೇ ದಾಖಲೆ ಮುರೀತು, 2025ರ ಫೆಬ್ರವರಿಲಿ 4 ಡಾಲರೂ ದಾಟ್ತು.

ನ್ಯೂಯಾರ್ಕಲ್ಲಿ ಒಂದು ಕಾಫಿ ಗಿಡ ಬೆಳೆಯಲ್ಲ ಕಣೆ. ಆದ್ರೂ 1882ರಲ್ಲಿ ಅಲ್ಲಿನ ವ್ಯಾಪಾರಿಗಳು ಕಾಫಿ ಎಕ್ಸ್‌ಚೇಂಜ್ ಕಟ್ಟಿಕೊಂಡ್ರು, ಹಿಂದಿನ ವರ್ಷಗಳಲ್ಲಿ ರೇಟು ಕುಸಿದು ಕೆಲವರು ಮುಳುಗಿ ಹೋಗಿದ್ರು, ಆ ಭಯಕ್ಕೆ. ಇವತ್ತು ಅಲ್ಲಿ ಒಂದು ಕಾಂಟ್ರಾಕ್ಟ್ (ಮುಂದಿನ ತಿಂಗಳುಗಳಲ್ಲಿ ಕೊಡೋ ಕಾಫಿಗೆ ಇವತ್ತೇ ರೇಟು ಕಟ್ಟೋ ಒಪ್ಪಂದ) ಅಂದ್ರೆ 37,500 ಪೌಂಡ್, ಹತ್ರ ಹತ್ರ 17 ಟನ್. ಯಾವ ದೇಶದ ಕಾಫಿಗೆ ಎಷ್ಟು ಸೆಂಟ್ ಸೇರಿಸ್ಬೇಕು, ಯಾವುದಕ್ಕೆ ಕಳೀಬೇಕು ಅಂತ ಆ ಎಕ್ಸ್‌ಚೇಂಜಿನ ರೂಲ್ಸಲ್ಲೇ ಬರ್ದಿದೆ, ಕೊಲಂಬಿಯಾದ್ದಕ್ಕೆ ಜಾಸ್ತಿ, ಬ್ರೆಜಿಲಿನದ್ದಕ್ಕೆ ಕಮ್ಮಿ. ಇನ್ನೂ ಒಂದು ವಿಷ್ಯ ನಿನ್ನ ಲಿಸ್ಟ್ ಮಾಡಿದೋರು ಹೇಳಿರಲ್ಲ, ಆ ಎಕ್ಸ್‌ಚೇಂಜನ್ನ 2007ರಲ್ಲಿ ಕೊಂಡ್ಕೊಂಡ ಕಂಪನಿಯ ಹೆಡ್ಡಾಫೀಸ್ ಇರೋದು ಅಟ್ಲಾಂಟಾದಲ್ಲಿ, ಅದೇ ಕಂಪನಿ 2013ರಲ್ಲಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜನ್ನೂ ತಗೊಂಡ್ತು. ಈಗ ಹೇಳು, ನಮ್ಮ ಅರೇಬಿಕಾ ಮೇಲೆ ಪ್ರಭಾವ ಯಾವ ಊರಿಂದು?

ನ್ಯೂಯಾರ್ಕಿನ ದೊಡ್ಡ ಶಕ್ತಿ ಆ ಎತ್ತರದ ಕಟ್ಟಡಗಳಲ್ಲಿಲ್ಲ. ಡಾಲರಲ್ಲಿ ಒಂದು ದೇಶದವರು ಇನ್ನೊಂದು ದೇಶದವರಿಗೆ ದುಡ್ಡು ಕಳ್ಸಿದ್ರೆ ಅದು ಹೆಚ್ಚುಕಮ್ಮಿ ಅಲ್ಲಿನ ಬ್ಯಾಂಕುಗಳ ಲೆಕ್ಕಪುಸ್ತಕ ದಾಟೇ ಹೋಗ್ಬೇಕು, ಮತ್ತೆ ಎಷ್ಟೋ ದೇಶಗಳು ಸಾಲಪತ್ರ ಬರೆಯುವಾಗ ಜಗಳ ಬಂದ್ರೆ ನ್ಯೂಯಾರ್ಕ್ ಕಾನೂನಿನ ಪ್ರಕಾರ ತೀರ್ಮಾನ ಅಂತ ಒಪ್ಪಿಕೊಂಡಿರ್ತವೆ. ಅರ್ಜೆಂಟೀನಾ ಹಾಗೆ ಒಪ್ಪಿತ್ತು. 2014ರಲ್ಲಿ ಅದರ ಹತ್ರ ದುಡ್ಡಿತ್ತು, ಕೊಡೋ ಮನಸ್ಸೂ ಇತ್ತು, ಆದ್ರೆ ಮ್ಯಾನ್‌ಹಾಟನ್ನಿನ ಒಬ್ಬ ಫೆಡರಲ್ ಜಡ್ಜು ಹಳೇ ಸಾಲಪತ್ರ ಹಿಡ್ಕೊಂಡು ಕೂತಿದ್ದ ಹೂಡಿಕೆ ಫಂಡುಗಳಿಗೂ ಕೊಡ್ದೆ ಉಳಿದವರಿಗೆ ಕೊಡೋ ಹಾಗಿಲ್ಲ ಅಂದ್ರು, ಅಷ್ಟಕ್ಕೆ ಒಂದು ಇಡೀ ದೇಶ ಡಿಫಾಲ್ಟ್ ಆಯ್ತು, ಅಂದ್ರೆ ಸಾಲ ಕಟ್ಟದೆ ತಪ್ಪಿಬಿತ್ತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಹೋಟೆಲಲ್ಲಿ ಫುಟ್ಬಾಲ್ ಸಂಸ್ಥೆ ಫಿಫಾದ ದೊಡ್ಡ ದೊಡ್ಡವರನ್ನ ಬೆಳಗ್ಗೆ ಬೆಳಗ್ಗೆ ಹಿಡಿದ್ರಲ್ಲ, ಆ ಕೇಸು ನಡೆದದ್ದು ಬ್ರೂಕ್ಲಿನ್ ಕೋರ್ಟಲ್ಲಿ. ಫುಟ್ಬಾಲನ್ನ ಅಷ್ಟಾಗಿ ಆಡದ ದೇಶದ ಒಂದು ಕೋರ್ಟು! ದುಡ್ಡು ಅಮೆರಿಕಾದ ಬ್ಯಾಂಕುಗಳ ಮೂಲಕ ಹರಿದಿತ್ತು, ಅದೇ ದಾರಿ ಆಯ್ತು.

ವಾಷಿಂಗ್ಟನ್ ಬೇರೆ ಥರ. 2020ರ ಜನಗಣತಿಯಲ್ಲಿ ಅಲ್ಲಿದ್ದದ್ದು ಸುಮಾರು 6.9 ಲಕ್ಷ ಜನ, ನಮ್ಮ ಮೈಸೂರಿಗಿಂತ ಚಿಕ್ಕ ಊರು ಅದು. ಅಲ್ಲಿ 19ನೇ ಸ್ಟ್ರೀಟಲ್ಲಿ ಕಷ್ಟಕ್ಕೆ ಬಿದ್ದ ದೇಶಗಳಿಗೆ ಸಾಲ ಕೊಡೋ ಐಎಂಎಫ್, ಪಕ್ಕದಲ್ಲೇ ವರ್ಲ್ಡ್ ಬ್ಯಾಂಕ್, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಊಟ ಮುಗಿಸಿ ನಡ್ಕೊಂಡು ಹೋಗ್ಬಹುದು. 1991ರಲ್ಲಿ ನಮ್ಮ ದೇಶ ಚಿನ್ನ ಅಡ ಇಟ್ಟ ಕಥೆ ಓದಿರ್ತೀಯ, ಆಗ ಸಾಲಕ್ಕೆ ಹೋಗಿ ನಿಂತದ್ದು ಅದೇ ಬೀದೀಲಿ, ಅಲ್ಲಿಂದ ಶುರುವಾದ ಬದಲಾವಣೆಯ ಗಾಳಿಯಲ್ಲೇ ನಾನು ಹೇಳಿದ ಕಾಫಿ ಪೂಲೂ ಹೋದದ್ದು. ಈಗಿನದ್ದೇ ಬೇಕು ಅಂದ್ರೆ 2025ರಲ್ಲಿ ಬ್ರೆಜಿಲ್ ಸರಕಿಗೆ 50 ಪರ್ಸೆಂಟ್ ಸುಂಕ ಅಂದಾಗ ಕಾಫಿ ಮಾರ್ಕೆಟ್ ಅಲ್ಲಾಡಿತು, ಅದೇ ವರ್ಷ ಸೆಪ್ಟೆಂಬರಲ್ಲಿ ಅಮೆರಿಕಾದಲ್ಲಿ ಕೆಲಸಕ್ಕೆ ಹೋಗೋರ ಹೊಸ ಎಚ್‌-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಅಂದಾಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಇಲ್ಲ. ನನಗೆ ಮನಸ್ಸಿಗೆ ತುಂಬಾ ನಾಟಿದ್ದು ಇನ್ನೊಂದು, ಆ ಊರಿನ ಜನಕ್ಕೇ ಪಾರ್ಲಿಮೆಂಟಲ್ಲಿ ಓಟು ಹಾಕೋ ಒಬ್ಬ ಸದಸ್ಯ ಇಲ್ಲ. ತೆರಿಗೆ ಕಟ್ತೀವಿ, ಪ್ರಾತಿನಿಧ್ಯ ಇಲ್ಲ ಅಂತ ಕಾರಿನ ನಂಬರ್ ಪ್ಲೇಟ್ ಮೇಲೇ ಬರೆಸಿಕೊಂಡು ಓಡಾಡ್ತಾರೆ. ಪ್ರಪಂಚಕ್ಕೆಲ್ಲ ರೂಲ್ಸ್ ಹೊರಡೋ ಊರಲ್ಲಿ ವಾಸ ಮಾಡೋದು ಬೇರೆ, ಆ ರೂಲ್ಸಲ್ಲಿ ನಮ್ಮ ಮಾತು ನಡೆಯೋದು ಬೇರೆ, ಇದನ್ನ ಮನಸ್ಸಲ್ಲಿಟ್ಕೋ.

ಶಿಕಾಗೋ ಬಗ್ಗೆ ನಮ್ಮೋರಿಗೆ ವಿವೇಕಾನಂದರ ಹೆಸರಿಂದ ಗೊತ್ತು, 1893ರ ಸೆಪ್ಟೆಂಬರ್ 11. ಕೂಲಿಕಾರರ ಮೇ ದಿನಕ್ಕೂ ಬೇರು ಅಲ್ಲೇ ಇದೆ, 1886ರಲ್ಲಿ ಎಂಟು ಗಂಟೆ ಕೆಲಸ ಸಾಕು ಅಂತ ಹೋರಾಟ ಮಾಡಿದವರ ಊರು, ನಮ್ಮ ತೋಟದ ಲೈನ್ ಮನೆಗಳಲ್ಲಿ ಇವತ್ತು ಎಂಟು ಗಂಟೆಯ ಲೆಕ್ಕ ಇದೆ ಅಂದ್ರೆ ಅದರ ಹಿಂದೆ ಆ ಜಗಳದ ಪಾಲೂ ಇದೆ. ಆದ್ರೆ ನಿನ್ನ ಓದಿಗೆ ಬೇಕಾದ ಶಿಕಾಗೋ ಅಂದ್ರೆ 1848ರಲ್ಲಿ ಶುರುವಾದ ಬೋರ್ಡ್ ಆಫ್ ಟ್ರೇಡ್. ಮೆಕ್ಕೆಜೋಳ, ಗೋಧಿ, ಸೋಯಾ, ಇವುಗಳ ನಾಳಿನ ರೇಟನ್ನ ಇವತ್ತೇ ಮಾರೋ ಕೊಳ್ಳೋ ಪದ್ಧತಿ ಗಟ್ಟಿಯಾಗಿ ನಿಂತದ್ದು ಅಲ್ಲಿ. 2012ರಲ್ಲಿ ಅಮೆರಿಕಾದ ಮಧ್ಯಭಾಗದಲ್ಲಿ ಬರ ಬಿದ್ದು ಅಲ್ಲಿ ಮೆಕ್ಕೆಜೋಳ ಬುಶೆಲಿಗೆ (ಸುಮಾರು 25 ಕೆಜಿಗೆ) 8 ಡಾಲರ್ ದಾಟಿದಾಗ ಆ ಬಿಸಿ ಎಷ್ಟೋ ದೇಶಗಳ ಕೋಳಿ ಸಾಕೋರಿಗೆ ತಟ್ಟಿತು.

ಇದಕ್ಕಿಂತ ವಿಚಿತ್ರ ಬೇಕಾ, ಓಕ್ಲಹೋಮಾದಲ್ಲಿ ಕುಶಿಂಗ್ ಅಂತ ಒಂದು ಪುಟ್ಟ ಪಟ್ಟಣ, ಎಂಟು ಸಾವಿರದ ಆಸುಪಾಸು ಜನ, ಯಾವ ಲಿಸ್ಟಲ್ಲೂ ಹುಡುಕಿದ್ರೂ ಸಿಗಲ್ಲ. ಅಮೆರಿಕಾದ ಕಚ್ಚಾ ಎಣ್ಣೆಯ ಕಾಂಟ್ರಾಕ್ಟಿನ ಎಣ್ಣೆ ಒಪ್ಪಿಸ್ಬೇಕಾದ ಜಾಗ ಅದು. 2020ರ ಏಪ್ರಿಲ್ 20ರಂದು ಲಾಕ್‌ಡೌನ್ ಟೈಮಲ್ಲಿ ಅಲ್ಲಿನ ಟ್ಯಾಂಕುಗಳಲ್ಲಿ ತುಂಬೋಕೆ ಜಾಗ ಸಿಗದೆ ರೇಟು ಸೊನ್ನೆಗಿಂತ ಕೆಳಗೆ ಹೋಗಿ ಬ್ಯಾರಲಿಗೆ ಮೈನಸ್ 37 ಡಾಲರ್ ಚಿಲ್ಲರೆಗೆ ನಿಂತಿತು. ವ್ಯಾಪಾರ ನಡೆದದ್ದು ನ್ಯೂಯಾರ್ಕ್ ಹೆಸರಲ್ಲಿ, ಆ ಎಕ್ಸ್‌ಚೇಂಜಿನ ಒಡೆತನ ಶಿಕಾಗೋದ ಕಂಪನಿಯದ್ದು, ಬೆಲೆ ಬಿದ್ದದ್ದು ಕುಶಿಂಗಿನ ಟ್ಯಾಂಕ್ ತುಂಬಿದ್ದಕ್ಕೆ.

ಸಿಲಿಕಾನ್ ವ್ಯಾಲಿ ವಿಷ್ಯ ನಿಮ್ಮಣ್ಣ ದಿನಾ ಹೇಳ್ತಾನೆ, ನಾನು ಜಾಸ್ತಿ ಹೇಳಲ್ಲ. ಆದ್ರೆ ಬೆಂಗಳೂರು ಬೆಂಗಳೂರಾಗಿದ್ರಲ್ಲಿ ಡಲ್ಲಾಸ್ ಊರಿನ ಪಾಲನ್ನ ಯಾರೂ ನೆನೆಯಲ್ಲ, ಅದು ನನಗೆ ಬೇಜಾರು. 1958ರಲ್ಲಿ ಜ್ಯಾಕ್ ಕಿಲ್ಬಿ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ (ಈಗಿನ ಚಿಪ್) ಮಾಡಿ ತೋರಿಸಿದ್ದು ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಲ್ಲಿ, ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು ಸ್ಯಾಟಲೈಟ್ ಲಿಂಕ್ ಹಾಕ್ಕೊಂಡು ಕೆಲಸ ಶುರು ಮಾಡ್ತು, ಹಿಂದೆ ಉಳಿದವರು ಬಂದ್ರು. ಲಾಸ್ ಏಂಜಲಿಸ್ ಅಂದ್ರೆ ಎಲ್ರಿಗೂ ಸಿನಿಮಾ, ಆದ್ರೆ 1969ರ ಅಕ್ಟೋಬರ್ 29ರಂದು ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್ಟಲ್ಲಿ ಮೊದಲ ಸಂದೇಶ ಹೊರಟದ್ದೂ ಅಲ್ಲಿನ ಯೂನಿವರ್ಸಿಟಿಯಿಂದಲೇ, ಎರಡು ಅಕ್ಷರ ಹೋಗೋ ಹೊತ್ತಿಗೆ ಆ ಕಡೆ ಮೆಷಿನ್ ಕೆಟ್ಟು ನಿಂತಿತು.

ಮತ್ತೆ ಡೆಟ್ರಾಯಿಟ್. 1913ರಲ್ಲಿ ಫೋರ್ಡ್ ಅದಕ್ಕೆ ಅಂಟಿಕೊಂಡಿರೋ ಹೈಲ್ಯಾಂಡ್ ಪಾರ್ಕಲ್ಲಿ ಓಡೋ ಅಸೆಂಬ್ಲಿ ಲೈನ್ ಶುರು ಮಾಡಿದ ಮೇಲೆ ಪ್ರಪಂಚದ ಫ್ಯಾಕ್ಟರಿಗಳೆಲ್ಲ ಅದನ್ನೇ ಕಲಿತ್ವು. 1950ರಲ್ಲಿ 18 ಲಕ್ಷ ದಾಟಿದ್ದ ಜನ 2020ಕ್ಕೆ 6.4 ಲಕ್ಷ, 2013ರಲ್ಲಿ ಊರಿಗೆ ಊರೇ ದಿವಾಳಿ ಅರ್ಜಿ ಹಾಕ್ತು. ಅಸೆಂಬ್ಲಿ ಲೈನ್ ಇನ್ನೂ ಜಗತ್ತನ್ನ ಆಳ್ತಿದೆ, ಊರು ಬರಿದಾಯ್ತು. ಊರಿನ ಹೆಸರು ನೋಡ್ಕೊಂಡು ಹತ್ತಿಪ್ಪತ್ತು ವರ್ಷದ ಬದುಕು ಕಟ್ಟೋಕೆ ಹೋಗ್ಬೇಡ ಅಂತ ನಾನು ಹೇಳೋದು ಇದಕ್ಕೇ.

ಈಗ ಅರ್ಬಾನಾಗೆ ಬರ್ತೀನಿ. 1862ರಲ್ಲಿ ಅಮೆರಿಕಾ ಸರ್ಕಾರ ಮೊರಿಲ್ ಕಾಯ್ದೆ ಮಾಡಿ ಒಂದೊಂದು ರಾಜ್ಯಕ್ಕೂ ಭೂಮಿ ಕೊಟ್ಟು ಬೇಸಾಯ, ಎಂಜಿನಿಯರಿಂಗ್ ಕಲಿಸೋ ಕಾಲೇಜ್ ಕಟ್ಟಿ ಅಂತು, ಹಾಗೆ ಹುಟ್ಟಿದ್ದು ಇಲಿನಾಯ್ ಯೂನಿವರ್ಸಿಟಿ. ಪಾಠ, ಸಂಶೋಧನೆ, ರೈತರ ಹೊಲಕ್ಕೆ ಹೋಗಿ ಹೇಳಿಕೊಡೋದು, ಮೂರೂ ಒಂದೇ ಕಡೆ ಅನ್ನೋದು ಅವರ ಪದ್ಧತಿ. ನಮ್ಮ ದೇಶದ ಮೊದಲ ಕೃಷಿ ವಿಶ್ವವಿದ್ಯಾಲಯ ಪಂತನಗರದ್ದು 1960ರಲ್ಲಿ ಶುರುವಾದಾಗ ಜೊತೆ ನಿಂತದ್ದು ಇದೇ ಅರ್ಬಾನಾದವರು. ನೀನು ಓದಿದ ಜಿಕೆವಿಕೆ ಇದ್ಯಲ್ಲ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಅದಕ್ಕೆ 1960ರ ದಶಕದಲ್ಲಿ ಕೈ ಜೋಡಿಸಿದ್ದು ಟೆನೆಸಿ ಯೂನಿವರ್ಸಿಟಿ, ಅದೂ ಅದೇ ಮಾದರಿ. ಅಂದ್ರೆ ನೀನು ಇಷ್ಟು ವರ್ಷ ಬದುಕಿದ್ದೇ ಇಂಥ ಸಣ್ಣ ಊರುಗಳ ಪ್ರಭಾವದಲ್ಲಿ, ಮಾರಾಯ್ತಿ, ಲಿಸ್ಟಲ್ಲಿ ಹೆಸರಿಲ್ಲ ಅಂತ ಅದನ್ನೇ ಬಿಡ್ತೀನಿ ಅಂತೀಯಲ್ಲ.

ನಿಂಗೆ ಬೇಕಾಗಿರೋದು ಬೆಳೆಗಾರನ ಬೆಲೆ ಹೇಗೆ ತೀರ್ಮಾನ ಆಗುತ್ತೆ, ಸಣ್ಣ ಬೆಳೆಗಾರ ಆ ಏರಿಳಿತದಿಂದ ಹೇಗೆ ತಪ್ಪಿಸ್ಕೋಬಹುದು ಅನ್ನೋ ಓದು. ಅದಕ್ಕೆ ಸುತ್ತ ಮೆಕ್ಕೆಜೋಳದ ಹೊಲ ಇರೋ, ಶಿಕಾಗೋಗೆ ಎರಡು ಎರಡೂವರೆ ಗಂಟೆ ದಾರಿ ಇರೋ ಆ ಊರೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. ನ್ಯೂಯಾರ್ಕನ್ನ ಬಿಡು ಅಂತ ನಾನು ಹೇಳ್ತಿಲ್ಲ, ರಜಕ್ಕೆ ಬಾ, ನಮ್ಮ ನ್ಯೂಜೆರ್ಸಿ ಮನೆ ಇದೆ, ಬೆಳಗ್ಗೆ ಟ್ರೈನ್ ಹತ್ತಿದ್ರೆ ಆಫೀಸಿಗೆ ಹೋಗೋರ ಜೊತೆ ನೀನೂ ಇಳೀತೀಯ. ಟೈಮ್ಸ್ ಸ್ಕ್ವೇರಲ್ಲಿ ಫೋಟೋ ತೆಗೆಸ್ಕೊಂಡು ವಾಪಸ್ ಬರ್ಬೇಡ, ಮ್ಯಾನ್‌ಹಾಟನ್ ಪರ್ಲ್ ಸ್ಟ್ರೀಟಿನ ಫೆಡರಲ್ ಕೋರ್ಟಿಗೆ ಹೋಗು, ಯಾರು ಬೇಕಾದ್ರೂ ಹಿಂದಿನ ಬೆಂಚಲ್ಲಿ ಕೂತು ಕೇಳ್ಬಹುದು. ವಾಷಿಂಗ್ಟನ್ನಲ್ಲಿ ಕಾಂಗ್ರೆಸ್, ಅಂದ್ರೆ ಅವರ ಪಾರ್ಲಿಮೆಂಟಿನ ಕಮಿಟಿಗಳ ವಿಚಾರಣೆಯೂ ಹಾಗೇ, ಬಹುಪಾಲು ಸಾರ್ವಜನಿಕರಿಗೆ ತೆರೆದಿರುತ್ತೆ, ದುಡ್ಡು ಕೊಡ್ಬೇಕಿಲ್ಲ. ಬೇಸಾಯದ ಕಮಿಟಿ ವಿಚಾರಣೆ ಒಂದನ್ನಾದ್ರೂ ಕೂತು ಕೇಳು, ಬೆಲೆ, ಸಬ್ಸಿಡಿ, ಸುಂಕದ ಬಗ್ಗೆ ಮಾತಾಡುವಾಗ ನಮ್ಮಂಥ ಬೆಳೆಗಾರರ ಹೆಸರು ಎಷ್ಟು ಸಲ ಬರುತ್ತೆ ಅಂತ ನೋಡು. ಮೂಡಿಗೆರೆಯ ಕಣದಿಂದ ಬಂದವಳು ಅಲ್ಲಿ ಕೂತ್ರೆ ಬೇರೆಯವರಿಗೆ ಕೇಳಿಸದ್ದು ಕೇಳಿಸುತ್ತೆ, ನಿನ್ನ ಥೀಸಿಸ್ಸಿಗೆ ಪ್ರಶ್ನೆ ಅಲ್ಲೇ ಹುಟ್ಟಿದ್ರೂ ಆಶ್ಚರ್ಯ ಇಲ್ಲ.

ದುಡ್ಡಿನ ಮಾತು. ನ್ಯೂಯಾರ್ಕಿಗೆ ತೋಟದ ಮೇಲೆ ಸಾಲ ಎತ್ತೋಣ ಅಂತ ಅಣ್ಣ ಹೇಳಿದ್ದು ನನಗೆ ಗೊತ್ತಾಗಿದೆ. ಬೇಡ ಅಂತ ನಾನೇ ಅವನ ಹತ್ರ ಮಾತಾಡ್ತೀನಿ, ಕಾಫಿ ರೇಟು ಈಗ ಚೆನ್ನಾಗಿದೆ ಅನ್ನೋ ಧೈರ್ಯದ ಮೇಲೆ ಡಾಲರ್ ಲೆಕ್ಕದ ಖರ್ಚು ತಲೆ ಮೇಲೆ ಹೊತ್ಕೋಬಾರ್ದು, 2001 ನೋಡಿದ ಮನೆ ನಮ್ಮದು. ಅರ್ಬಾನಾದವರಿಗೆ ಏಪ್ರಿಲ್ 15ರೊಳಗೆ ಉತ್ತರ ಕೊಡ್ಬೇಕು ಅಂದಿದ್ಯಲ್ಲ, ಅದಕ್ಕೆ ಮುಂಚೆ ಮೂರು ವಿಷ್ಯ ಬರವಣಿಗೆಲೇ ಕೇಳಿ ತರಿಸ್ಕೋ, ಅಸಿಸ್ಟೆಂಟ್‌ಶಿಪ್ ಒಂದೇ ವರ್ಷಕ್ಕಾ ಎರಡಕ್ಕಾ, ಬೇಸಿಗೇಲಿ ಸಂಬಳ ಇದ್ಯಾ, ಹೆಲ್ತ್ ಇನ್ಶೂರೆನ್ಸ್ ಅವರೇ ಕಟ್ತಾರಾ ಇಲ್ವಾ. ಉತ್ತರ ಬಂದ ತಕ್ಷಣ ನಂಗೆ ಫಾರ್ವರ್ಡ್ ಮಾಡು, ಓದಿ ಹೇಳ್ತೀನಿ.

ಅಮ್ಮನ ಮಂಡಿನೋವಿನ ಔಷಧಿ ವಿಚಾರ ಬೇರೆ ಬರೀತೀನಿ.

ಇತಿ ನಿನ್ನ ಅತ್ತೆ