ಪ್ರಧಾನಿಯ ಹೆಸರು ಹಿಡಿದು ಹಾಡಿದವರು

ಗೆಳೆಯಾ,

ನಿಮ್ಮ ತಂಡದ ಹೋರಾಟದ ಹಾಡುಗಳಲ್ಲಿ ಗೋಳೇ ಜಾಸ್ತಿ ಅಂತ ನಾನು ಅಂದಿದ್ದಕ್ಕೆ ನೀನು ಮುನಿಸಿಕೊಂಡೆ. ನೋವನ್ನು ಕುಣಿಯೋ ಹಾಗೆ ಹಾಡೋಕಾಗುತ್ತಾ ಅಂತ ಕೇಳಿದೆ. ಆಗುತ್ತೆ ಮಾರಾಯ.

ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ವುಯಿಸಿಲೆ ಮಿನಿ ಅಂತ ಒಬ್ಬರಿದ್ದರು. ಕಾರ್ಮಿಕ ಸಂಘ ಕಟ್ಟಿದವರು, ಬಿಳಿಯರ ವರ್ಣಭೇದದ ಆಳ್ವಿಕೆ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನವರು, ಭಾರೀ ಕಂಠದವರು. ಆಗ ಬಿಳಿಯರ ಸರ್ಕಾರದ ಪ್ರಧಾನಿ ವೆರ್ವೂರ್ಡ್. ಕರಿಯರು ಸದಾ ಜೊತೆಗಿಟ್ಟುಕೊಳ್ಳಲೇಬೇಕಿದ್ದ ಗುರುತಿನ ಪುಸ್ತಕ, ಪಾಸ್‌ಬುಕ್, ಇಲ್ಲದೆ ಸಿಕ್ಕಿಬಿದ್ದ ಕರಿಯರನ್ನು ಬೀದಿಯಿಂದಲೇ ಎತ್ತಿಕೊಂಡು ಹೋಗುತ್ತಿದ್ದ ಕಾಲ. ಮಿನಿ ಹಾಡು ಕಟ್ಟಿದರು: ವೆರ್ವೂರ್ಡ್, ಹುಷಾರು, ಇಗೋ ಬಂದ ಕಪ್ಪು ಮನುಷ್ಯ! ಎಲ್ಲೂ ಬೇಡಿಕೊಳ್ಳುವುದಿಲ್ಲ. ನೇರವಾಗಿ ಬೆದರಿಕೆ, ಅದೂ ಹೆಸರು ಹಿಡಿದು. ಧಾಟಿ ಮಾತ್ರ ಮದುವೆ ಮನೆ ಹಾಡಿನಷ್ಟು ಗೆಲುವು. ಖೋಸಾ ಭಾಷೆ ಬಾರದ ಬಿಳಿ ಪೊಲೀಸನೂ ತಲೆದೂಗಬೇಕು, ಹಾಗಿದೆ.

1963ರಲ್ಲಿ ಮಿನಿಯನ್ನು ಹಿಡಿದರು. ವಿಧ್ವಂಸಕ ಕೃತ್ಯ, ಪೊಲೀಸರ ಮಾಹಿತಿದಾರನೊಬ್ಬನ ಕೊಲೆ ಅಂತ ಕೇಸು ಹಾಕಿ ಗಲ್ಲು ಶಿಕ್ಷೆ ಕೊಟ್ಟರು. ಹೋರಾಟದ ಸಂಗಾತಿ ವಿಲ್ಟನ್ ಮ್ಕ್ವಾಯಿ ವಿರುದ್ಧ ಸಾಕ್ಷಿ ಹೇಳು, ಜೀವ ಉಳಿಯುತ್ತೆ ಅಂತ ಪೊಲೀಸರು ಜೈಲಿಗೇ ಬಂದು ಆಸೆ ತೋರಿಸಿದರು. ಮಿನಿ ಒಪ್ಪಲಿಲ್ಲ. 1964ರ ನವೆಂಬರ್ 6ರಂದು ಪ್ರಿಟೋರಿಯಾದಲ್ಲಿ ಇನ್ನಿಬ್ಬರ ಜೊತೆ ನೇಣಿಗೇರಿಸಿದರು. ಅದೇ ಜೈಲಿನಲ್ಲಿ ಕೈದಿಯಾಗಿದ್ದ ಬೆನ್ ಟುರೋಕ್ ಆ ಬೆಳಗಿನ ಬಗ್ಗೆ ಬರೆದಿದ್ದಾರೆ. ಮೊದಲು ಹಾಡು ಕೇಳಿಸಿತಂತೆ. ಆಮೇಲೆ ಮಿನಿಯ ದಪ್ಪ ದನಿ. ಸ್ಟೂಲ್ ಹತ್ತಿ, ಕಂಬಿ ಹಾಕಿದ ಗಾಳಿಕಿಂಡಿಗೆ ಮುಖ ಕೊಟ್ಟು ನಿಂತಿರಬೇಕು, ಖೋಸಾದಲ್ಲಿ ಇಡೀ ಜೈಲಿಗೆ ಕೇಳುವ ಹಾಗೆ ಕೊನೆಯ ಮಾತು ಹೇಳುತ್ತಿದ್ದರಂತೆ.

ಹಾಡಿನಿಂದಲೇ ಸರ್ಕಾರ ಬಿತ್ತು ಅಂತ ನಾನೇನೂ ಹೇಳಲ್ಲ. ಮುಷ್ಕರ, ಬಹಿಷ್ಕಾರ, ಬಂದೂಕು ಎಲ್ಲ ಬೇಕಾಯ್ತು, ಮೂವತ್ತು ವರ್ಷ ಹಿಡಿಯಿತು. ಆದ್ರೆ ಹೆದರಿಸಿಯೇ ಆಳೋರಿಗೆ ಅತ್ತುಕೊಂಡು ಬಂದ ಜನ ಅಷ್ಟೇನೂ ತಲೆನೋವಲ್ಲ. ಗೇಲಿ ಮಾಡ್ತಾ ಬಂದವರನ್ನು ಏನು ಮಾಡೋದು ಅಂತ ಅವರಿಗೆ ತಿಳಿಯಲ್ಲ.

ಮಿರಿಯಂ ಮಕೇಬಾ ಗೊತ್ತಲ್ವಾ, ದಕ್ಷಿಣ ಆಫ್ರಿಕಾದ ಗಾಯಕಿ? ಆಗ ಅಮೆರಿಕದಲ್ಲಿದ್ದರು. ತಾಯಿ ತೀರಿಕೊಂಡಾಗಲೂ ಊರಿಗೆ ಹೋಗಲಾಗದಂತೆ 1960ರಲ್ಲಿ ಅವರ ಪಾಸ್‌ಪೋರ್ಟ್ ರದ್ದು ಮಾಡಿದ್ದರು. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾತಾಡಿದರು. ಆಮೇಲೆ ತಾಯ್ನಾಡಿನಲ್ಲಿ ಅವರ ರೆಕಾರ್ಡುಗಳೂ ನಿಷೇಧವಾದವು. ಅವರೇ 1965ರಲ್ಲಿ ಅಮೆರಿಕದ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ತಂದ ಆಲ್ಬಂನಲ್ಲಿ ಮಿನಿಯ ಈ ಹಾಡು ಹಾಕಿದರು. ಆ ಆಲ್ಬಂಗೆ ಗ್ರ್ಯಾಮಿ ಬೇರೆ ಬಂತು.

ಮಕೇಬಾ ದನಿಯಲ್ಲೇ ಮೊದಲು ಕೇಳು, ಯೂಟ್ಯೂಬಲ್ಲಿದೆ. ಆಮೇಲೆ ತಂಡದವರಿಗೂ ಕೇಳಿಸು. ಇದಕ್ಕೆ ತಮಟೆ ಒಗ್ಗುತ್ತಾ ಅಂತ ನಿನ್ನ ತಮಟೆಯವನನ್ನು ಕೇಳಿ ತಿಳಿಸು. ಸಿಟ್ಟು ಇಳಿದಿದ್ರೆ ಫೋನೂ ಮಾಡು.

ನಿನ್ನ ಗೆಳೆಯ